ಅಣ್ಣನ ವಯಸ್ಸು

"ಇದರಲ್ಲಿ ನಿನ್ನ ಮಗಂದು ಯಾವುದವ್ವಾ?" ಎಂದು ಹುಟ್ಟು-ಸಾವು ಬರೆಯುವ ಗುಮಾಸ್ತ ಮೂನ್ ಟೋಪಿ ತೆಗೆದು ಬೆವರೊರೆಸಿಕೊಂಡ.

ಪೈನ್ ಮರಗಳ ಕೆಳಗೆ ಪಾಚಿಗಟ್ಟಿದ ಕಲ್ಲುಗುಪ್ಪೆಗಳು ಅಲ್ಲೊಂದು ಇಲ್ಲೊಂದು ಬಿದ್ದಿದ್ದವು. ಎಳೆಮಕ್ಕಳು ಸತ್ತರೆ ಆ ಊರಿನವರು ಗೋರಿಯ ದಿಬ್ಬ ಎತ್ತುವುದಿಲ್ಲ. ಕಲ್ಲು ಪೇರಿಸಿ, ತಿರುಗಿ ನೋಡದೆ ಬಂದುಬಿಡುತ್ತಾರೆ. ಕಿರಿಮಗ ಚಿಲ್‌ಸಂಗ್ ಅವ್ವನ ಮುಖ ನೋಡಿದ.

"ಇವರಪ್ಪ ಒಬ್ಬನೇ ಹೊತ್ಕೊಂಡು ಬಂದಿದ್ದ. ತಾಯಿ ಬರಬಾರ್ದು ಅಂದ್ರು" ಎಂದಳು ಅವ್ವ. ಅಪ್ಪ ಸತ್ತೂ ಆರು ವರ್ಷವಾಗಿತ್ತು.

ಚೊಚ್ಚಲ ಮಗ ಪಿಲ್‌ಗು ದಡಾರದಿಂದ ಹೋದದ್ದು ನಾಟಿಯ ಕಾಲದಲ್ಲಿ. ಕೆಸರುಗದ್ದೆ ಬಿಟ್ಟು ಸಾವು ಬರೆಸಲು ಕಚೇರಿಗೆ ಯಾರು ಹೋಗುತ್ತಾರೆ? ಮುಂದೆ ಚಿಲ್‌ಸಂಗ್ ಹುಟ್ಟಿದಾಗ, ಕಡತದಲ್ಲಿ ಅಣ್ಣನ ಹೆಸರು ಹೇಗೂ ಖಾಲಿ ಇದೆಯಲ್ಲ, ಇವನಿಗೂ ಅದೇ ಸಾಕೆಂದ ಅಪ್ಪ. ಊರಿನಲ್ಲಿ ಹಾಗೆ ಬೆಳೆದವರು ಬೇಕಾದಷ್ಟು ಮಂದಿ. ಮನೆಯಲ್ಲಿ ಚಿಲ್‌ಸಂಗ್, ಕಡತದಲ್ಲಿ ಪಿಲ್‌ಗು. ಈಗ ಉತ್ತರದ ಸೇನೆ ನದಿಯವರೆಗೆ ಬಂದಿತ್ತು. ಅದನ್ನು ತಡೆಯಲು ಈ ಕಡೆಯ ಸೇನೆಯವರು ಹದಿನೆಂಟು ತುಂಬಿದವರನ್ನೆಲ್ಲ ಲಾರಿಗೆ ಹತ್ತಿಸುತ್ತಿದ್ದರು. ಪಿಲ್‌ಗುವಿಗೆ ಹದಿನೆಂಟು ತುಂಬಿತ್ತು. ಚಿಲ್‌ಸಂಗ್‌ಗೆ ಹದಿನೈದು.

"ಮೀಸೆನೇ ಚಿಗುರಿಲ್ಲ, ನೋಡಿ ಸ್ವಾಮಿ."

"ನಂಗೊತ್ತಿಲ್ವಾ? ನಮ್ಮ ಹಿತ್ತಲ ಸೌತೆಕಾಯಿ ಕದ್ದಾಗ ಇವನ ಕಿವಿ ಹಿಂಡಿದೋನೇ ನಾನು." ಮೂನ್ ದನಿ ತಗ್ಗಿಸಿದ. "ಪಿಲ್‌ಗು ಸತ್ತ ಅಂತ ಬರೀತೀನಿ ಅನ್ನು. ಆಗ ಇವನ್ಯಾರು? ಹೊಸದಾಗಿ ಬರೆಸೋಣ ಅಂದ್ರೆ ಕೋರ್ಟಿನ ಅಪ್ಪಣೆ ಬೇಕು, ಕೋರ್ಟಿನೋರು ಹೋದ ವಾರಾನೇ ದಕ್ಷಿಣಕ್ಕೆ ಓಡಿದ್ರು. ಕಡತದಲ್ಲಿ ಇಲ್ಲದ ಹುಡುಗ ದಾರೀಲಿ ಸಿಕ್ಕಿದ್ರೆ ಬೆಟ್ಟದಿಂದ ಇಳಿದ ಕೆಂಪು ಬಂಡುಕೋರ ಅಂತ ಅಲ್ಲೇ ಗುಂಡು ಹೊಡೆದು ಹಾಕ್ತಾರೆ. ಸಾಕ್ಷಿ ಕಂಡ್ರೆ ಲಾರಿ ಜೊತೆ ಬಂದಿರೋ ಸಾಹೇಬನಿಗೊಂದು ಮಾತು ಹೇಳಿ ನೋಡಬಹುದು, ಅಷ್ಟೇ. ಈ ಕಲ್ಲು ಏನು ಹೇಳುತ್ತವ್ವಾ?"

ಅವ್ವ ಕುಕ್ಕರುಗಾಲಲ್ಲಿ ಕುಳಿತು ಹತ್ತಿರದ ಗುಪ್ಪೆಯ ಕಲ್ಲುಗಳನ್ನು ಕಿತ್ತು ಪಕ್ಕಕ್ಕೆಸೆಯತೊಡಗಿದಳು. "ಕಾಲಿಗೆ ಕೆಂಪು ದಾರ ಕಟ್ಟಿದ್ದೆ. ಸಿಕ್ಕೇ ಸಿಗುತ್ತೆ. ಇದಲ್ಲದಿದ್ರೆ ಅದು."

ಮೂನ್ ಮುಖ ತಿರುಗಿಸಿಕೊಂಡ. ಕೆಳಗೆ ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆಯಿತು.

ಚಿಲ್‌ಸಂಗ್ ಅವ್ವನ ಎರಡೂ ಕೈ ಹಿಡಿದುಕೊಂಡ. "ಬೇಡ ಅವ್ವಾ. ಬೇರೆಯವರ ಕೂಸಾಗಿದ್ರೆ?"

"ಬಿಡೋ ಮುಂಡೇದೇ! ನಿನಗೋಸ್ಕರ ಕಣೋ!"

ಅವನು ಬಿಡಲಿಲ್ಲ. ಅವಳ ಕೈ ಸೋತ ಮೇಲೆ ತಾನೇ ಒಂದೊಂದು ಕಲ್ಲನ್ನೂ ಹೆಕ್ಕಿ, ದೊಡ್ಡದನ್ನು ಕೆಳಗೆ, ಸಣ್ಣದನ್ನು ಮೇಲೆ, ಅಲುಗದಂತೆ ಕೂರಿಸಿದ.

ಲಾರಿಯ ಬಳಿ ಸಾಹೇಬ ಪಟ್ಟಿ ನೋಡಿ ಕೂಗಿದ. "ಪಿಲ್‌ಗು!"

ಮೂನ್ ನೆಲ ನೋಡುತ್ತಿದ್ದ. ಅವ್ವನ ಕಣ್ಣು ಪೈನ್ ಮರಗಳ ಕಡೆಗಿತ್ತು, ಅಲ್ಲಿಂದ ಯಾರೋ ಇಳಿದು ಬರಬೇಕಾಗಿದೆಯೇನೋ ಎಂಬಂತೆ.

"ಪಿಲ್‌ಗು! ಸತ್ತನೇನೋ ಅವನು?"

"ಇದೀನಿ" ಎಂದ ಹುಡುಗ.

ಸೇನೆಯವರು ಕೊಟ್ಟ ಅಂಗಿಯ ತೋಳು ಬೆರಳು ದಾಟಿ ಜೋತಾಡುತ್ತಿತ್ತು. ಲಾರಿಯ ಕಂಬಿ ಹಿಡಿಯಲು ಅವನು ಅದನ್ನು ಮೇಲಕ್ಕೆಳೆದುಕೊಂಡ. ಉಗುರಿನ ಸಂದಿಯಲ್ಲಿ ಪಾಚಿ ಇನ್ನೂ ಹಸಿಯಾಗಿತ್ತು.