ದೊರೆಯ ಕೋಳಿಗೆ ಮಂಗಲ

ಹಕ್ಕಿ ಸತ್ತ ಮರುದಿನ ಬೆಳಿಗ್ಗೆ ಬೆಳ್ಳಿಯಪ್ಪನವರು ಕೆನ್ನೆ ಬೋಳಿಸಲಿಲ್ಲ. ಬಿಸಿನೀರು ತಂದಿಟ್ಟ ಸೊಸೆ ಬೋಜಮ್ಮ ಅದು ಆರುವವರೆಗೆ ಕಾದು, ತಂಬಿಗೆ ಎತ್ತಿಕೊಂಡು ಒಳಗೆ ಹೋದಳು. ಕಾರಣ ಕೇಳುವ ಅಗತ್ಯ ಅವಳಿಗಿರಲಿಲ್ಲ.

ಕೊಡಗಿನಲ್ಲಿ ಹುಲಿ ಹೊಡೆದವನಿಗೆ ಮಾತ್ರ ಕೆನ್ನೆಯ ಉದ್ದಕ್ಕೂ ಗಲ್ಲೆಮೀಸೆ ಬಿಡುವ ಹಕ್ಕು. ಬೆಳ್ಳಿಯಪ್ಪನವರ ಅಜ್ಜನಿಗೆ ಅದಿತ್ತು, ಅಪ್ಪನಿಗೂ ಇತ್ತು. ಇವರಿಗೆ ಮೂಗಿನ ಕೆಳಗಿನ ನಾಲ್ಕು ಕೂದಲೇ ಗತಿಯಾಗಿತ್ತು. ಗೋಡೆಯ ತುಂಬ ಕೋವಿಗಳಿದ್ದವು, ಬಾಯಿಯ ತುಂಬ ಕಾಡಿನ ಕತೆಗಳಿದ್ದವು. ಗುರಿಯೊಂದನ್ನು ಬಿಟ್ಟು ಬೇಟೆಗಾರನಿಗೆ ಬೇಕಾದದ್ದೆಲ್ಲ ಅವರಲ್ಲಿತ್ತು. ಹಿಂದಿನ ವರ್ಷ ಒಂದು ಹುಲಿಯ ಕಾಲಿಗೆ ಗುಂಡು ತಗುಲಿಸಿ, ತಾವು ಮರದ ಮೇಲೆಯೇ ಉಳಿದು, ಅದು ಸತ್ತಿದೆಯೋ ಇಲ್ಲವೋ ನೋಡಿ ಬಾ ಎಂದು ಮಗ ಚಿನ್ನಪ್ಪನನ್ನು ಪೊದೆಯೊಳಕ್ಕೆ ಕಳಿಸಿದ್ದರು. ಹುಲಿ ಸತ್ತಿರಲಿಲ್ಲ. ಬೋಜಮ್ಮ ಬಿಳಿ ಸೀರೆ ಉಟ್ಟದ್ದು ಹಾಗೆ.

ಈಗ ಸತ್ತದ್ದು ಪ್ರಿಂಗಲ್ ದೊರೆಯ ಉಷ್ಟ್ರಪಕ್ಷಿ. ಕಕ್ಕಬೆಯ ಮೇಲೆ ಕಾಫಿ ಎಸ್ಟೇಟ್ ಇಟ್ಟುಕೊಂಡಿದ್ದ ಈ ದೊರೆಗೆ ಕಾಫಿಗಿಂತ ಭೂಮಿಯಿಂದ ಎಂದೋ ಅಳಿದುಹೋದ ಪ್ರಾಣಿಗಳ ಮೇಲೆಯೇ ಹೆಚ್ಚು ಮಮತೆ. ಕಲ್ಕತ್ತೆಯ ವ್ಯಾಪಾರಿಯೊಬ್ಬನಿಂದ ಹಕ್ಕಿಯನ್ನು ತರಿಸಿ ಬಂಗಲೆಯ ಹಿಂದೆ ಬೇಲಿ ಕಟ್ಟಿಸಿದ್ದ. ಎಸ್ಟೇಟ್ ಲೈನಿನ ಆಳುಗಳು ಅದನ್ನು ದೊರೆಯ ಕೋಳಿ ಎಂದರು. ಊರೂ ಹಾಗೆಯೇ ಎಂದಿತು.

ಬೇಸಗೆಯಲ್ಲಿ ದೊರೆ ತನ್ನ ಬಂಗಲೆಯಲ್ಲಿ ಒಂದು ಉಪನ್ಯಾಸ ಇಟ್ಟುಕೊಂಡು ಸುತ್ತಲಿನ ದೊಡ್ಡ ಮನೆಗಳವರನ್ನು ಕರೆದಿದ್ದ. ಬೆಳ್ಳಿಯಪ್ಪನವರು ಸೊಸೆಯನ್ನೂ ಕರೆದುಕೊಂಡು ಹೋದರು. ಮದ್ರಾಸಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎ. ಮಾಡಿದವಳು ಮನೆಯಲ್ಲಿದ್ದಾಳೆಂದರೆ ಅದೂ ಗೋಡೆಯ ಮೇಲಿನ ಒಂದು ಕೋವಿಯೇ. ದೊರೆ ದೀಪದ ಪೆಟ್ಟಿಗೆ ಹಚ್ಚಿ ಬಿಳಿ ಬಟ್ಟೆಯ ಮೇಲೆ ಚಿತ್ರ ಬಿಟ್ಟ. ಆಳಿಗಿಂತ ಎತ್ತರದ ಹಕ್ಕಿ, ಮೋಟು ರೆಕ್ಕೆ, ಕೊಡಲಿಯಂಥ ಕೊಕ್ಕು. ಕೊಕ್ಕಿನಲ್ಲಿ ಒದ್ದಾಡುವ ಒಂದು ಕುದುರೆ. ಅಮೆರಿಕದ ಬಂಡೆಗಳಲ್ಲಿ ಇದರ ಎಲುಬು ಸಿಕ್ಕಿದೆಯಂತೆ. ಹುಲಿ ಸಿಂಹಗಳು ಹುಟ್ಟುವ ಮೊದಲು ಭೂಮಿಯನ್ನು ಆಳಿದ್ದು ಇದೇ ಎಂದ ದೊರೆ. ತನ್ನ ಉಷ್ಟ್ರಪಕ್ಷಿ ಅದರ ಮೊಮ್ಮಗನೆಂದೂ ಹೇಳಿದ.

ಬೋಜಮ್ಮ ಕೊಕ್ಕನ್ನೇ ನೋಡುತ್ತಿದ್ದಳು. ಹದ್ದಿಗೆ ಕೊಕ್ಕಿನ ತುದಿಯಲ್ಲಿ ಕೊಕ್ಕೆ ಇರುತ್ತದೆ, ಮಾಂಸ ಹರಿಯಲು. ದಕ್ಷಿಣ ಅಮೆರಿಕದಲ್ಲಿ ನಿಜವಾಗಿಯೂ ಮಾಂಸ ತಿನ್ನುತ್ತಿದ್ದ ದೈತ್ಯ ಹಕ್ಕಿಗಳಿಗೂ ಅದಿತ್ತೆಂದು ಅವಳು ಓದಿದ್ದಳು. ಈ ಹಕ್ಕಿಗೆ ಇರಲಿಲ್ಲ. ಕಾಲಿನಲ್ಲಿ ಹಿಡಿದು ಸೀಳುವ ಉಗುರೂ ಇರಲಿಲ್ಲ. ಇದ್ದದ್ದು ಅಡಕತ್ತರಿಯಂಥ ದಪ್ಪ ದವಡೆ. ಅದು ಕಾಯಿ ಒಡೆಯುವ, ಕೊಂಬೆ ಕತ್ತರಿಸುವ ದವಡೆ. ಮೇಲಾಗಿ ಆ ಕಾಲದ ಕುದುರೆ ಎಂದರೆ ನಾಯಿಯಷ್ಟು ಎತ್ತರದ್ದು. ಚಿತ್ರದಲ್ಲಿ ಅದನ್ನು ಮೈಸೂರಿನ ಸವಾರರ ಕುದುರೆಯಷ್ಟು ಬೆಳೆಸಿದ್ದರು. ಕೊಕ್ಕಿನ ಮಾತನ್ನು ಅವಳು ಎದ್ದು ಕೇಳಿಯೇಬಿಟ್ಟಳು.

ದೊರೆ ನಕ್ಕ. "ಅಷ್ಟು ದೊಡ್ಡ ತಲೆ ಇರುವುದು ಸೊಪ್ಪು ತಿನ್ನುವುದಕ್ಕೇ, ಅಮ್ಮಾ?"

"ಆನೆಯ ತಲೆ ಎಷ್ಟು ದೊಡ್ಡದು, ಸರ್?"

ಎಲ್ಲರೂ ತಮ್ಮ ಚಹಾ ಬಟ್ಟಲಿನೊಳಗೆ ನೋಡಿದರು. ದೊರೆ ಚಿತ್ರ ಬದಲಿಸಿದ.

ಆಮೇಲೆ ಪ್ರತಿ ಭಾನುವಾರ ಅವನು ಉಷ್ಟ್ರಪಕ್ಷಿಯ ಮುಂದೆ ಕುರಿಯ ತೊಡೆ ಇಡಿಸತೊಡಗಿದ, ರಕ್ತದಲ್ಲಿ ಮಲಗಿರುವ ಅಜ್ಜ ಎದ್ದಾನೆಂದು. ಹಕ್ಕಿ ತೊಡೆಯನ್ನು ದಾಟಿಹೋಗಿ, ಅದನ್ನು ತಂದ ಬಕೆಟ್ಟಿನ ಹಗ್ಗವನ್ನು ತಿನ್ನುತ್ತಿತ್ತು. ಕೊನೆಗೊಂದು ದಿನ ಬೇಲಿ ಮುರಿದು, ಗುಡ್ಡ ಇಳಿದು, ಬೆಳ್ಳಿಯಪ್ಪನವರ ಹಿತ್ತಿಲಿಗೆ ಬಂದು ಬಸಳೆಯ ಚಪ್ಪರಕ್ಕೆ ಬಾಯಿ ಹಾಕಿತು. ಬೆಳ್ಳಿಯಪ್ಪನವರು ಜಗಲಿಯಿಂದಲೇ ತೋಟೆಕೋವಿ ಹಾರಿಸಿದರು. ಚಪ್ಪರದಷ್ಟೇ ಅಗಲದ ಗುರಿ ಅದು. ತಪ್ಪಲಿಲ್ಲ.

ಸಂಜೆಯಾಗುವುದರೊಳಗೆ ಅವರ ಕತೆಯಲ್ಲಿ ಹಕ್ಕಿ ಅವರ ಮೇಲೆಯೇ ಎರಗಿ ಬಂದಿತ್ತು. ಮಾತು ಗುಡ್ಡ ಹತ್ತಿ ಬಂಗಲೆ ಮುಟ್ಟುವಾಗ ಅದರ ಬಾಯಲ್ಲಿ ಒಂದು ಕರುವೂ ಇತ್ತು. ದೊರೆಯೇ ಇಳಿದು ಬಂದ. ಹಕ್ಕಿ ಸತ್ತದ್ದಕ್ಕೆ ಅಳಬೇಕಾದವನು ಎರಗಿದ ಕತೆ ಕೇಳಿ ಹಿಗ್ಗಿದ. ಅಜ್ಜ ಎದ್ದಿದ್ದಾನೆ. ಬೆಳ್ಳಿಯಪ್ಪನವರ ಕೈಕುಲುಕಿ, ತಾನು ಬರೆದು ಅಚ್ಚುಹಾಕಿಸಿದ್ದ ಪುಸ್ತಿಕೆಯೊಂದನ್ನು ಕೊಟ್ಟು ಹೋದ. ಅದರ ಮೇಲೂ ಅದೇ ಕುದುರೆ.

ಬೆಳ್ಳಿಯಪ್ಪನವರ ತಲೆಯಲ್ಲಿ ನರಿಮಂಗಲ ಹೊಕ್ಕಿದ್ದು ಆಗಲೇ. ಕೊಡವರು ಹುಲಿಯನ್ನು ನರಿ, ಮದುವೆಯನ್ನು ಮಂಗಲ ಎನ್ನುತ್ತಾರೆ. ಅದನ್ನು ಕೊಂದವನನ್ನು ಮದುಮಗನಂತೆ ಸಿಂಗರಿಸಿ, ಸತ್ತ ಹುಲಿಯ ಪಕ್ಕದಲ್ಲಿ ಕೂರಿಸಿ, ಊರಿಗೆ ಊರೇ ಅಕ್ಕಿ ಹಾಕಿ ಹರಸಿ ಹಾಲು ಕುಡಿಸುತ್ತದೆ. ಹುಲಿಗೂ ಮೊದಲಿನ ಅರಸನ ಮೊಮ್ಮಗನನ್ನು ಕೊಂದವನಿಗೆ ಅದು ಯಾಕಿಲ್ಲ? ಊರಿನ ಕಟ್ಟುಕಟ್ಟಳೆ ನೋಡಿಕೊಳ್ಳುವ ತಕ್ಕ ಉತ್ತಯ್ಯನವರಲ್ಲಿಗೆ ಹೇಳಿಕಳಿಸಿದರು. ಉತ್ತಯ್ಯನವರ ಉತ್ತರ ಚಿಕ್ಕದಾಗಿತ್ತು. ಮಾಂಸ ತಿನ್ನುವ ಮೃಗವಾದರೆ ನೋಡುವ, ಸೊಪ್ಪು ತಿನ್ನುವುದಕ್ಕೆ ಮಂಗಲ ಇಲ್ಲ.

ಆರಿದ ನೀರು ಚೆಲ್ಲಿ ಬಂದ ಬೋಜಮ್ಮನನ್ನು ಮಾವ ಜಗಲಿಗೆ ಕರೆದರು.

"ಮಧ್ಯಾಹ್ನ ಮಂದ್‌ನಲ್ಲಿ ಊರು ಸೇರ್ತದೆ. ದೊರೆಯ ಪುಸ್ತಕ ಓದಿ, ಅರ್ಥ ಹೇಳು. ಅಷ್ಟೇ."

"ಅದರಲ್ಲಿರುವುದು ತಪ್ಪು, ಮಾವ."

"ಅಚ್ಚಾಗಿದೆಯಲ್ಲ? ತಪ್ಪಾದ್ರೆ ಅಚ್ಚು ಹಾಕ್ತಿದ್ದರಾ?"

ಬೆಳ್ಳಿಯಪ್ಪನವರು ಮುಳ್ಳು ಮುಳ್ಳಾದ ಕೆನ್ನೆ ಸವರಿಕೊಂಡರು.

"ಮದ್ರಾಸ್ ಮದ್ರಾಸ್ ಅಂತ ಇದ್ದಿಯಲ್ಲ, ಓದಿದ ಮೇಲೆ ಅಲ್ಲೇ ಊರೆದುರು ನಿನ್ನ ಬಿಟ್ಟುಕೊಡ್ತೇನೆ. ಓದದಿದ್ರೆ ಇಲ್ಲೇ ಇರು. ನಿನ್ನ ಮಾವಿಗೂ ಒಂದು ಕೈ ಆಗ್ತದೆ."

ಮದ್ರಾಸಿನ ಹೆಣ್ಣುಮಕ್ಕಳ ಕಾಲೇಜೊಂದು ಅವಳನ್ನು ಪಾಠಕ್ಕೆ ಕರೆದಿತ್ತು. ರಜೆ ಮುಗಿಯುವುದರೊಳಗೆ ಹೋಗಿ ಸೇರದಿದ್ದರೆ ಆ ಜಾಗ ಬೇರೆಯವರಿಗೆ. ಪೊನ್ನಂಪೇಟೆಯ ಅಣ್ಣ ಕರೆದೊಯ್ಯಲು ಸಿದ್ಧನಿದ್ದ. ಆದರೆ ಒಕ್ಕದ, ಎಂದರೆ ಮನೆತನದ, ಯಜಮಾನ ಊರಿನೆದುರು ಬಾಯಿಬಿಟ್ಟು ಬಿಟ್ಟುಕೊಡದೆ ಮನೆಯ ಸೊಸೆಯನ್ನು ಕರೆದೊಯ್ದರೆ ಎರಡು ಮನೆಗಳ ನಡುವೆ ಮೂರು ತಲೆಮಾರಿನ ಹಗೆ. ಅಣ್ಣ ಅಷ್ಟು ಧೈರ್ಯದವನಲ್ಲ.

ಬೋಜಮ್ಮ ಪುಸ್ತಿಕೆ ತೆಗೆದುಕೊಂಡಳು. ಸುಳ್ಳು ಓದಿದರೆ ಯಾರಿಗೆ ನಷ್ಟ? ಒಂದು ಹಕ್ಕಿ ನಿನ್ನೆ ಸತ್ತಿದೆ, ಇನ್ನೊಂದು ಮನುಷ್ಯ ಹುಟ್ಟುವ ಮೊದಲೇ ಸತ್ತಿದೆ. ಎರಡಕ್ಕೂ ಮಾನನಷ್ಟದ ಚಿಂತೆಯಿಲ್ಲ. ಚಿನ್ನಪ್ಪ ಹೋದ ಮೇಲೆ ಅವಳಿಗೆ ಯಾವುದೂ ಅಷ್ಟಾಗಿ ತಾಗುತ್ತಿರಲಿಲ್ಲ. ಇದೂ ತಾಗದು ಎಂದುಕೊಂಡಳು.

ಊರಿನ ಹಸಿರು ಬಯಲಾದ ಮಂದ್‌ನಲ್ಲಿ ಬಿದಿರಿನ ಚೌಕಟ್ಟು ಕಟ್ಟಿ ಹಕ್ಕಿಯನ್ನು ತೂಗುಹಾಕಿದ್ದರು. ಹುಲಿಗಾದರೆ ಆ ಚೌಕಟ್ಟು ಚೆನ್ನ. ಇದರ ಕತ್ತು ನಿಲ್ಲದೆ ಒಂದು ಕಡೆ ಜೋತುಬಿದ್ದು ಗಾಳಿಗೆ ಅಲ್ಲಾಡುತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಬೆಳ್ಳಿಯಪ್ಪನವರು ಮದುಮಗನ ಬಿಳಿ ನಿಲುವಂಗಿ ಕುಪ್ಯ ತೊಟ್ಟು, ಸೊಂಟಕ್ಕೆ ಕೆಂಪು ಚೇಲೆ ಬಿಗಿದು, ಅದಕ್ಕೆ ಪೀಚೆಕತ್ತಿ ಸಿಕ್ಕಿಸಿಕೊಂಡು ಕುಳಿತಿದ್ದರು. ಊರಿನ ತೀರ್ಪು ಬರುವ ಮೊದಲೇ ಉಡುಪು ಬಂದಿತ್ತು.

"ಮುದ್ದವ್ವ, ನಿನ್ನ ಸವತಿ ಭಾರೀ ಎತ್ತರ ಉಂಟಲ್ಲ," ಎಂದಳು ಹೆಂಗಸರ ಸಾಲಿನಲ್ಲಿದ್ದ ಒಬ್ಬ ಮುದುಕಿ.

"ಮೊಟ್ಟೆಯಾದ್ರೂ ಇಡ್ತದೆ ಅಂತ ಸಮಾಧಾನ ಮಾಡ್ಕೊಂಡಿದ್ದೆ," ಎಂದಳು ಬೆಳ್ಳಿಯಪ್ಪನವರ ಹೆಂಡತಿ, ಬೋಜಮ್ಮನ ಅತ್ತೆ. "ಕಪ್ಪು ರೆಕ್ಕೆ ನೋಡಿ ನಮ್ಮ ಬೋಜಮ್ಮ ಹೇಳ್ತಾಳೆ, ಅದು ಗಂಡಂತೆ."

ಉತ್ತಯ್ಯನವರು ಕೈ ಎತ್ತಿದರು. ಬೋಜಮ್ಮ ಎದ್ದು ನಿಂತು ಓದಿದಳು. ಒಂದು ಸಾಲು ಇಂಗ್ಲಿಷು, ಒಂದು ಸಾಲು ಅರ್ಥ. ಭಯಂಕರ ಕೊಕ್ಕು, ಮಿಂಚಿನ ವೇಗ, ಕುದುರೆಯ ಕತ್ತು ಮುರಿಯುವುದು, ಮೊಮ್ಮಗನಿಗೆ ಬಂದ ಸ್ವಭಾವ. ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. ಹಿರಿಯರು ಒಬ್ಬೊಬ್ಬರಾಗಿ ತಲೆದೂಗಿದರು. ಇನ್ನು ಒಂದೇ ಪುಟ ಉಳಿದಿತ್ತು.

ಬೆಳ್ಳಿಯಪ್ಪನವರಿಗೆ ಅಷ್ಟು ಹೊತ್ತು ಬೇರೆಯವರ ಮಾತು ಕೇಳಿ ಅಭ್ಯಾಸವಿಲ್ಲ. ಅವರು ಕುರ್ಚಿಯಿಂದ ಎದ್ದರು.

"ನನ್ನ ಮಗನನ್ನು ಕೊಂದ ಹುಲಿಗಿಂತ ಇದು ದೊಡ್ಡದು," ಎಂದರು. "ನನ್ನ ಚಿನ್ನಪ್ಪನ ಸೇಡು ಇವತ್ತಿಗೆ ತೀರಿತು."

ಮುದ್ದವ್ವ ನೆಲ ನೋಡಿದಳು. ಬೋಜಮ್ಮ ಪುಸ್ತಿಕೆ ಮುಚ್ಚಿದಳು.

"ಓದಿ ಆಯ್ತಾ?" ಎಂದರು ಉತ್ತಯ್ಯ.

"ಓದಿದ್ದು ಸುಳ್ಳು, ತಕ್ಕರೇ. ಆ ಹಳೇ ಹಕ್ಕಿ ಕುದುರೆ ತಿಂದದ್ದನ್ನು ಯಾರೂ ನೋಡಲಿಲ್ಲ. ದೊರೆಯೂ ನೋಡಲಿಲ್ಲ. ಅದರ ಕೊಕ್ಕು ಸೊಪ್ಪು, ಕಾಯಿ ತಿನ್ನುವ ಕೊಕ್ಕು. ಈ ಹಕ್ಕಿ ಅದರ ಮೊಮ್ಮಗನೂ ಅಲ್ಲ. ಇದು ಏನು ತಿಂತಿತ್ತು ಅಂತ ಕೇಳ್ಲಿಕ್ಕೆ ಪುಸ್ತಕ ಬೇಡ. ಒಂದು ಕತ್ತಿ ಕೊಡಿ."

ಯಾರೂ ಕೊಡಲಿಲ್ಲ. ಅವಳು ಮಾವನ ಕಡೆ ತಿರುಗಿ ಕೈ ಚಾಚಿದಳು. ಊರೆಲ್ಲ ನೋಡುತ್ತಿದ್ದುದರಿಂದಲೋ ಏನೋ, ಬೆಳ್ಳಿಯಪ್ಪನವರು ಪೀಚೆಕತ್ತಿ ಎಳೆದು ಕೊಟ್ಟರು. ಆ ಕತ್ತಿಗೆ ಹುಟ್ಟಿದಾರಭ್ಯ ಇದೇ ಮೊದಲ ಕೆಲಸ.

ಕಾಲೇಜಿನಲ್ಲಿ ಅವಳು ಪಾರಿವಾಳ ಕೊಯ್ದಿದ್ದಳು. ಇದೂ ಅದೇ, ಅಳತೆ ಬೇರೆ. ತೆಂಗಿನಕಾಯಿಯಷ್ಟು ದಪ್ಪದ ಜಠರವನ್ನು ಹೊರಗೆಳೆದು ಬಾಳೆಲೆಯ ಮೇಲಿಟ್ಟು ಸೀಳಿದಳು. ಹಸಿರು ಹಿಟ್ಟು ಸುರಿಯಿತು. ಹುಲ್ಲು, ಮನೆಯ ಬಸಳೆಯ ದಂಟು, ಹಗ್ಗದ ಚೂರು, ದೊರೆಯ ಕೋಟಿನ ಒಂದು ಹಿತ್ತಾಳೆ ಗುಂಡಿ. ಅದರ ನಡುವೆ ಒಂದು ಬೊಗಸೆ ನುಣುಪು ಕಲ್ಲುಗಳು.

"ಕಲ್ಲು ತಿಂತದಾ ಇದು?" ಎಂದು ಯಾರೋ ಕೇಳಿದರು.

"ಹಲ್ಲಿಲ್ಲವಲ್ಲ. ನುಂಗಿದ ಸೊಪ್ಪನ್ನು ಒಳಗೆ ಈ ಕಲ್ಲು ಅರೆಯುತ್ತದೆ. ನ್ಯೂಜಿಲೆಂಡಿನಲ್ಲಿ ಇದಕ್ಕಿಂತ ಎತ್ತರದ ಹಕ್ಕಿ ಇತ್ತು, ಮೋವಾ ಅಂತ. ಅದು ಸತ್ತ ಕೆಸರಿನಲ್ಲಿ ಎಲುಬಿನ ಜೊತೆ ಇಂಥದೇ ಕಲ್ಲಿನ ರಾಶಿ ಸಿಕ್ಕಿತು. ಕಲ್ಲಿನ ಮಧ್ಯೆ ತುಂಡು ತುಂಡಾದ ಕಡ್ಡಿ. ಕುದುರೆ ಸಿಕ್ಕಲಿಲ್ಲ."

ಹಾಗೆ ಹೇಳುತ್ತಿರುವಾಗಲೇ ಅವಳ ಬೆರಳಿಗೆ ಇನ್ನೊಂದು ತಾಗಿತು. ಹಿಟ್ಟಿನೊಳಗೆ ಮುಚ್ಚಿಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ಅದನ್ನು ಬಾಲ ಹಿಡಿದು ಮೇಲೆತ್ತಿದಳು.

"ಒಂದು ಓತಿಕ್ಯಾತವೂ ಉಂಟು."

"ಮಾಂಸ," ಎಂದರು ಬೆಳ್ಳಿಯಪ್ಪ. "ನೋಡಿ, ಎಲ್ಲ ನೋಡಿ. ಮಾಂಸ ತಿಂದಿದೆ."

ಹಿರಿಯರು ಆಮೇಲೆ ಮಾಡಿದ ಚರ್ಚೆಯನ್ನು ಬೋಜಮ್ಮ ಕೈಯಲ್ಲಿ ಓತಿಕ್ಯಾತ ಹಿಡಿದುಕೊಂಡೇ ಕೇಳಿದಳು. ಓತಿ ಮಾಂಸ ಹೌದೋ ಅಲ್ಲವೋ. ಹುಲಿ ತಿಂದದ್ದೂ ಜೀವ, ಇದು ತಿಂದದ್ದೂ ಜೀವ. ಬೇಕೆಂದೇ ತಿಂದಿತೋ, ಬಸಳೆಯ ಜೊತೆ ಹೋಯಿತೋ. ಇದೇ ಹಿರಿಯರು ಚಿನ್ನಪ್ಪನ ಸಾವನ್ನು ವಿಧಿ ಎಂಬ ಒಂದೇ ಮಾತಿನಲ್ಲಿ ಮುಗಿಸಿದ್ದರು. ಓತಿಕ್ಯಾತಕ್ಕೆ ಇಷ್ಟು ಹೊತ್ತು ಬೇಕಾಯಿತು.

ಕೊನೆಗೆ ಉತ್ತಯ್ಯನವರು ಎಲೆಅಡಿಕೆ ಉಗಿದರು.

"ಓತಿ ತಿಂದದ್ದಕ್ಕೆ ಮಂಗಲ ಆದ್ರೆ, ಗದ್ದೆಯಲ್ಲಿ ಕೊಕ್ಕರೆ ಹೊಡೆದವನಿಗೂ ಕುರ್ಚಿ ಹಾಕ್ಬೇಕಾಗ್ತದೆ. ಊರಲ್ಲಿ ಅಷ್ಟು ಕುರ್ಚಿ ಇಲ್ಲ. ಬೆಳ್ಳಿಯಪ್ಪ, ನೀನು ಎದ್ದು ಮುಖ ಬೋಳಿಸು."

ಮೊದಲು ನಕ್ಕದ್ದು ಆ ಮುದುಕಿ. ಆಮೇಲೆ ಮಂದ್‌ಗೆ ಮಂದೇ ನಕ್ಕಿತು. ಬೆಳ್ಳಿಯಪ್ಪನವರ ಮುಖ ಚೇಲೆಯ ಬಣ್ಣಕ್ಕೆ ಬಂತು. ನಗುವವರನ್ನು ಬಿಟ್ಟು ನಗದೆ ನಿಂತಿದ್ದ ಒಬ್ಬಳ ಮೇಲೆ ಅವರು ತಿರುಗಿದರು.

"ನನ್ನ ಅನ್ನ ತಿಂದು ನನ್ನ ಮರ್ಯಾದೆ ಕೊಯ್ದಳು. ಇವಳಿಗೂ ನನ್ನ ಒಕ್ಕಕ್ಕೂ ಇನ್ನು ಸಂಬಂಧ ಇಲ್ಲ. ತವರಿಗೋ ಮದ್ರಾಸಿಗೋ, ಎಲ್ಲಿ ಬೇಕಾದ್ರೂ ಹೋಗಲಿ."

ಉತ್ತಯ್ಯನವರು ಸುತ್ತ ನೋಡಿದರು. "ಊರು ಕೇಳ್ತಾ?"

"ಕೇಳ್ತು," ಎಂದಿತು ಊರು.

ತಾನು ಏನಂದೆನೆಂಬುದು ಬೆಳ್ಳಿಯಪ್ಪನವರಿಗೆ ಆಗ ಹೊಳೆಯಿತು. "ನಾನು ಸಿಟ್ಟಿಗೆ ಹೇಳಿದ್ದು, ಉತ್ತಯ್ಯ."

"ಸಿಟ್ಟಿಗೆ ಹಾರಿದ ಗುಂಡೂ ಗುಂಡೇ. ಬಿಟ್ಟುಕೊಟ್ಟಾಯ್ತು. ಪೊನ್ನಂಪೇಟೆಗೆ ನಾನೇ ಹೇಳಿಕಳಿಸ್ತೇನೆ."

ಮಂಗಲವಿಲ್ಲದ ಬೇಟೆ ಊರಿನ ಪಾಲು. ಹಕ್ಕಿಯನ್ನು ಇಳಿಸಿ, ತರಿದು, ಮನೆಮನೆಗೆ ಹಂಚಿದರು. ಗುಂಡು ಹೊಡೆದವನ ಪಾಲೆಂದು ಬೆಳ್ಳಿಯಪ್ಪನವರ ಮನೆಗೆ ಒಂದು ತೊಡೆ ಬಂತು. ಅವರು ಕೋಣೆಯ ಬಾಗಿಲು ಹಾಕಿಕೊಂಡಿದ್ದರು. ಮುದ್ದವ್ವ ತೊಡೆಯನ್ನು ಕೊಚ್ಚಿ, ಕಾಚಂಪುಳಿಯ ಕಪ್ಪು ಹುಳಿ ಸುರಿದು ಒಲೆಗಿಟ್ಟಳು. ಬೋಜಮ್ಮ ಕೈ ತೊಳೆದು ಟ್ರಂಕಿಗೆ ಪುಸ್ತಕ ತುಂಬಿದಳು, ಮೇಲೆ ಎರಡು ಸೀರೆ ಇಟ್ಟಳು. ಮುಗಿದ ಮೇಲೆ ಒಲೆಯ ಬಳಿ ಬಂದು ಕುಳಿತಳು.

"ಮದ್ರಾಸಲ್ಲಿ ಪುಳಿ ಸಿಗ್ತದಾ?" ಎಂದು ಮುದ್ದವ್ವ ಕೇಳಿದಳು.

"ಇಲ್ಲ, ಮಾವಿ."

"ಒಂದು ಶೀಸೆ ಕಟ್ಟಿಕೊಡ್ತೇನೆ." ಸ್ವಲ್ಪ ಹೊತ್ತು ಅವಳು ಉರಿ ಸರಿಮಾಡಿದಳು. ಆಮೇಲೆ ದನಿ ತಗ್ಗಿಸಿ, "ಅವತ್ತು ಪೊದೆಯೊಳಗೆ ಚಿನ್ನಪ್ಪನನ್ನು ಕಳಿಸಿದ್ದು ಯಾರು ಅಂತ ಮಂದ್‌ನಲ್ಲಿ ಹೇಳಿಬಿಡ್ತೀಯ ಅಂತ ಹೆದರಿದ್ದೆ, ಕುಂಞಿ," ಎಂದಳು ಮಗಳನ್ನು ಕರೆಯುವ ಹಾಗೆ.

"ಅದನ್ನು ಯಾರೂ ಕೇಳಲಿಲ್ಲ, ಮಾವಿ. ಹಕ್ಕಿ ಏನು ತಿಂತದೆ ಅಂತ ಕೇಳಿದರು."

ಮುದ್ದವ್ವ ಸೌಟಿನಲ್ಲಿ ಒಂದು ತುಂಡು ಎತ್ತಿ, ಉಗುರಿನಿಂದ ಒತ್ತಿ ನೋಡಿ, ಮತ್ತೆ ಮಡಕೆಗೆ ಬಿಟ್ಟಳು. ಅದು ಇನ್ನೂ ಬೆಂದಿರಲಿಲ್ಲ.