ಹುಲ್ಲು ಮುಗಿದಲ್ಲಿ ಗಡಿ

ನಾವು ಶಾಲೆಗಳಿಗೆ ಭೂಪಟ ಅಚ್ಚು ಹಾಕುತ್ತೇವೆ. ಅಪ್ಪ ಬಿಡಿಸುತ್ತಾರೆ, ನಾನು ತಪ್ಪು ಹುಡುಕುತ್ತೇನೆ. ಮನೆಯಲ್ಲೂ ಹೆಚ್ಚುಕಡಿಮೆ ಹಾಗೆಯೇ. ಹೊರಡುವ ಮುನ್ನ ಒಲೆ ಆರಿದೆಯೇ ಎಂದು ಮೂರು ಸಲ ನೋಡುವವಳು ನಾನು.

ಒಂದೊಂದು ಭೂಪಟವೂ ನಾಲ್ಕು ಪಾರದರ್ಶಕ ಹಾಳೆಗಳ ಕಟ್ಟು: ನದಿ, ಬೆಟ್ಟ, ಗಡಿ, ಹೆಸರು. ಅಂಚಿನ ತೂತುಗಳನ್ನು ಮೇಜಿನ ಮೊಳೆಗಳಿಗೆ ಸಿಕ್ಕಿಸಿದರೆ ಒಂದರ ಮೇಲೊಂದು ಸರಿಯಾಗಿ ಕೂರುತ್ತವೆ. ಪ್ರತಿ ಹಾಳೆಯನ್ನೂ ಬಿಡಿಬಿಡಿಯಾಗಿ ನೋಡಿ ನಾನು ಸಹಿ ಹಾಕಿದ ಮೇಲೆಯೇ ಅಚ್ಚಿಗೆ.

ಹೋದ ತಿಂಗಳು ಅಪ್ಪನ ನದಿಯೊಂದು ಬೆಟ್ಟ ಹತ್ತಿತ್ತು. ಅಚ್ಚುಕೂಟದ ಯಜಮಾನಿ ಮೆತ್ತಗೆ ಹೇಳಿದ್ದರು, "ಕಣ್ಣು ದಣಿದಿದ್ರೆ ಹೇಳಿ. ಇನ್ನೊಂದು ಸಲ ಹೀಗಾದ್ರೆ ಆ ಮೇಜು ಬೇರೆಯವರಿಗೆ ಕೊಡ್ಬೇಕಾಗುತ್ತೆ." ಆ ಮೇಜಿಲ್ಲದ ಅಪ್ಪನನ್ನು ಊಹಿಸಿಕೊಳ್ಳಲು ನನ್ನಿಂದ ಆಗಲಿಲ್ಲ.

ಊಟದ ಹೊತ್ತಿಗೆ ಅಪ್ಪನದೊಂದು ಆಟ: ಚರಿತ್ರೆ ಬೇರೆ ದಾರಿ ಹಿಡಿದಿದ್ದರೆ ಗಡಿ ಎಲ್ಲಿರುತ್ತಿತ್ತು ಎಂದು ಬಿಡಿ ಹಾಳೆಯ ಮೇಲೆ ಬಿಡಿಸುವುದು. ಪಶ್ಚಿಮಕ್ಕೆ ನುಗ್ಗಿದ್ದ ಮಂಗೋಲರ ದಂಡು ಹಿಂದಿರುಗಿದ್ದು ದೊಡ್ಡ ಖಾನ ಸತ್ತ ಸುದ್ದಿ ಬಂದದ್ದಕ್ಕೆ ಎಂದು ಕೆಲವರು ಹೇಳುತ್ತಾರಲ್ಲ, ಅಲ್ಲಿಂದ ಶುರು.

"ಸುದ್ದಿ ತರೋನ ಕುದುರೆ ಕುಂಟಿತು ಅಂತಿಟ್ಕೋ. ಆಮೇಲೆ?"

"ಆಮೇಲೆ ಕೈ ತೊಳ್ಕೊಳ್ಳಿ ಅಪ್ಪ, ಹಾಳೆಗೆ ಎಣ್ಣೆ ಹತ್ತುತ್ತೆ."

ಸೋಮವಾರ ಅಚ್ಚಿನವನು ಮೊದಲ ಪ್ರತಿ ಹಿಡಿದು ಹಲ್ಲು ಕಿಸಿಯುತ್ತಾ ಬಂದ. "ಅಕ್ಕಾ, ನಿಮ್ಮಪ್ಪ ಎರಡು ದೇಶ ಜಾಸ್ತಿ ಗೆದ್ದುಬಿಟ್ಟಿದ್ದಾರೆ!"

ಮಂಗೋಲ ಸಾಮ್ರಾಜ್ಯದ ಕೆಂಪು ಬಣ್ಣ ಎಂದೂ ಹೋಗದ ಕಡೆಗೆ ಹರಡಿತ್ತು. ಅಚ್ಚಿಗೆ ಹೋದ ಗಡಿಯ ಹಾಳೆ ಅಪ್ಪನ ಆಟದ್ದು. ಗೆರೆ ಎಲ್ಲೂ ತುಂಡಾಗಿಲ್ಲ ಎಂದು ನೋಡಿ ನಾನೇ ಸಹಿ ಹಾಕಿದ್ದೆ. ಅಪ್ಪನ ಮೇಜಿನ ಖಾನೆ ಎಳೆದೆ. ಆಟದ ಹಾಳೆಗಳ ನಡುವೆ ನಿಜವಾದ ಗಡಿ ತಣ್ಣಗೆ ಮಲಗಿತ್ತು. ಶುಕ್ರವಾರ ಮೇಜು ಒಪ್ಪ ಮಾಡಿದವಳು ನಾನು.

ಅಷ್ಟರಲ್ಲಿ ಯಜಮಾನಿ ಬಂದರು.

"ತಪ್ಪು ನಂದೇ," ಎಂದರು ಅಪ್ಪ.

"ಅಲ್ಲ ಮೇಡಂ, ಹಾಳೆ ಅದಲುಬದಲು ಮಾಡಿದ್ದು ನಾನು." ಮೊದಲ ಪ್ರತಿಯನ್ನು ಯಜಮಾನಿಯ ಮುಂದಿಟ್ಟೆ.

ಅವರು ಭೂತಗನ್ನಡಿ ತೆಗೆದು ಗಡಿಯ ಉದ್ದಕ್ಕೂ ನಡೆಸಿದರು. ಕೂದಲೆಳೆಯ ಗೆರೆ; ನದಿಯ ಒಂದು ತಿರುವನ್ನೂ ಬಿಟ್ಟಿರಲಿಲ್ಲ.

"ಇಷ್ಟು ಗೆದ್ದೋರು ಇಲ್ಲೇ ಯಾಕೆ ನಿಂತ್ರು?"

"ಮುಂದೆ ಬರೀ ಕಾಡು. ಒಬ್ಬೊಬ್ಬ ಸವಾರನ ಹಿಂದೆ ನಾಲ್ಕೈದು ಕುದುರೆ, ಹುಲ್ಲೆಲ್ಲಿ? ಆಟ ಅಂತ ಕುದುರೇನ ಉಪವಾಸ ಕೆಡವೋಕಾಗುತ್ತಾ?"

ಯಜಮಾನಿಯ ತುಟಿಯಂಚು ಅಲುಗಿತು. "ಕಣ್ಣೇನೋ ಚೆನ್ನಾಗಿದೆ. ಮತ್ತೆ ಬೆಟ್ಟ ಹತ್ತಿದ ನದಿ?"

ಅಪ್ಪ ಫ್ಯಾನು ನೋಡತೊಡಗಿದರು. ಅಚ್ಚಿನವನು ತಲೆ ಕೆರೆದುಕೊಂಡ. "ಅವತ್ತು ಇವರ ಕನ್ನಡಕ ಅಕ್ಕನ ಖಾನೇಲಿತ್ತು ಮೇಡಂ. ಮೇಜು ಒಪ್ಪ ಮಾಡುವಾಗ ಅಕ್ಕನೇ ಎತ್ತಿಟ್ಟಿದ್ರು. ಹೇಳಿದ್ರೆ ಮಗಳು ವಾರ ನಿದ್ದೆ ಮಾಡಲ್ಲ, ಸುಮ್ನಿರು ಅಂತ ಇವರು ಅಂದಿದ್ರು."

ನಾನು ಅಪ್ಪನನ್ನು ನೋಡಿದೆ. ಅವರು ಇನ್ನೂ ಫ್ಯಾನಿನಿಂದ ಕಣ್ಣು ತೆಗೆದಿರಲಿಲ್ಲ.

"ಮೇಜು ಇವರಿಗೇ ಇರಲಿ," ಎಂದರು ಯಜಮಾನಿ, ನನ್ನತ್ತ ತಿರುಗಿ. "ನೀವು ನಾಲ್ಕು ಹಾಳೇನೂ ಒಟ್ಟಿಗೆ ಇಟ್ಟು ನೋಡಿ. ಮೇಜು ಮಾತ್ರ ಮುಟ್ಬೇಡಿ."

ಮರುದಿನ ಊಟದ ಹೊತ್ತಿಗೆ ಆ ಮೇಜಿನ ಮೇಲೆ ಪೆನ್ಸಿಲ್ ಸಿಪ್ಪೆ, ಮಸಿಬಟ್ಟೆ, ಮುಚ್ಚಳ ಬಿಟ್ಟ ಡಬ್ಬಿ. ನಾನು ಕೈಗಳನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತೆ.

"ಕುದುರೆ ಕುಂಟಿತು ಅಂತಿಟ್ಕೋ," ಎಂದರು ಅಪ್ಪ. "ಆಮೇಲೆ?"

"ಆಮೇಲೆ... ಅದಕ್ಕೆ ಔಷಧಿ ಹಚ್ಚಿದೋರು ಯಾರಪ್ಪ?"

ಅಪ್ಪ ಕನ್ನಡಕ ಏರಿಸಿಕೊಂಡು ಹೊಸ ಹಾಳೆ ಎಳೆದುಕೊಂಡರು.