ನದಿ ದಂಡೆಯ ಗಡಿಗೆ

ಕಾಗೆಗಳಿನ್ನೂ ಕಪ್ಪಾಗಿರದ ಕಾಲದಲ್ಲಿ ಒಂದು ಮನೆಯ ಮೂಲೆಯಲ್ಲಿ ಒಂದು ಗಡಿಗೆ ಇತ್ತಂತೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಅದರ ಮುಚ್ಚಳವೇ ಇಲ್ಲ. ಬಾಯಿ ತೆರೆದುಕೊಂಡೇ ಎಷ್ಟು ದಿನ ಅಂತ ಕೂರುವುದು? ಗುಡುಗುಡು ಉರುಳಿಕೊಂಡು ಹುಡುಕಲು ಹೊರಟಿತಂತೆ. ದಾರಿಯಲ್ಲಿ ಬಿದ್ದಿದ್ದ ಎಲೆಯನ್ನು ಕೇಳಿತು. “ನಿನ್ನ ಮುಚ್ಚಳ ನಾನಲ್ಲ, ಮುಂದಕ್ಕೆ ಹೋಗು” ಅಂದಿತು ಎಲೆ. ಆಮೆಯ ಬೆನ್ನನ್ನು ಕೇಳಿತು. “ನಿನ್ನ ಮುಚ್ಚಳ ನಾನಲ್ಲ, ಮುಂದಕ್ಕೆ ಹೋಗು.” ಚಂದ್ರನನ್ನೂ ಬಿಡಲಿಲ್ಲ. ಕೊನೆಗೆ ಉರುಳಿ ಉರುಳಿ ಒಂದು ನದಿಯ ದಂಡೆಗೆ ಬಂತಂತೆ.

ಅಷ್ಟು ಹೊತ್ತಿಗೆ ನನಗೆ ನಿದ್ದೆ ಬಂದಿರುತ್ತಿತ್ತು.

ನಮ್ಮಜ್ಜಿಯ ಕತೆಗಳಿಗಿದ್ದದ್ದು ಒಂದೇ ಕಾನೂನು. ಕೇಳುವವರು ಹೂಂಗುಟ್ಟುತ್ತಿರಬೇಕು. ಹೂಂ ನಿಂತರೆ ಕತೆಯೂ ನಿಂತಿತು. “ಇನ್ನು ಗೋಡೆಗೆ ಹೇಳ್ಲಾ?” ಅಂದುಕೊಂಡು ಅಜ್ಜಿ ಮಗ್ಗುಲಾಗಿಬಿಡುತ್ತಿದ್ದಳು. ಮಾರನೆಯ ದಿನ ಮತ್ತೆ ಮೊದಲಿನಿಂದ. ಅಜ್ಜಿ ಹೋದಳು, ಗಡಿಗೆ ಮಾತ್ರ ನನ್ನ ಪಾಲಿಗೆ ಆ ದಂಡೆಯಲ್ಲೇ ಉಳಿಯಿತು.

ಈಗ ನಾನು ಬಸ್ ಡಿಪೋದ ಹಿಂದಿರುವ ಶಿಶುವಿಹಾರದಲ್ಲಿ ಟೀಚರ್. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್‌ಗಳ ಮಕ್ಕಳು ಶಾಲೆಗಳ ರಜೆಯಲ್ಲೂ ನಮ್ಮಲ್ಲಿರುತ್ತಾರೆ. ಕಿಟಕಿಯಾಚೆ ಬಸ್ಸುಗಳನ್ನು ತೊಳೆಯುವ ಜಾಗ. ಗೋಡೆಗೆ ಅಂಟಿಸಿದ ಚಿತ್ರದ ಹೂವುಗಳಿಗೂ ಡೀಸೆಲ್ ವಾಸನೆ. ಸಂಜೆ ಬೀಗ ಹಾಕಿ ಬಾಡಿಗೆ ಕೋಣೆಗೆ ಹೋದರೆ ಅಲ್ಲಿ ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಕೆಲವೊಮ್ಮೆ ಬಟ್ಟೆ ಮಡಿಸುತ್ತಾ ಅಂದು ನಡೆದದ್ದನ್ನು ಗಟ್ಟಿಯಾಗಿ ಹೇಳಿಕೊಳ್ಳಲು ಶುರುಮಾಡುತ್ತೇನೆ. ಹೂಂ ಅನ್ನುವವರಿಲ್ಲದೆ ಅದೂ ಅರ್ಧಕ್ಕೇ ನಿಂತುಹೋಗುತ್ತದೆ.

ಎಲ್ಲ ಮಕ್ಕಳೂ ಹೋದ ಮೇಲೆ ಉಳಿಯುವವಳು ಒಬ್ಬಳೇ. ಗುಮ್ಮನ ಹಾಗೆ ಸುಮ್ಮನೆ ಕೂರುತ್ತಾಳೆಂದು ಆಯಾ ಅವಳಿಗೆ ಗುಮ್ಮಿ ಎಂದು ಹೆಸರಿಟ್ಟಿದ್ದಳು. ಅವಳ ಅಮ್ಮ ಕಂಡಕ್ಟರ್. ಬಸ್ಸು ಒಳಗೆ ಬಂದು, ಟಿಕೆಟ್ ಮೆಷಿನ್ ಒಪ್ಪಿಸಿ, ಸೀಟಿನ ಕೆಳಗೆ ಯಾರೋ ಮರೆತುಹೋದ ಕೊಡೆ, ಚೀಲಗಳನ್ನು ಆಫೀಸಿಗೆ ಕೊಟ್ಟು ಬರುವಾಗ ದೀಪ ಹತ್ತಿರುತ್ತಿತ್ತು.

“ಮನೇಲಾದ್ರೂ ಮಾತಾಡ್ತಾಳಾ?” ಎಂದು ನಾನೊಮ್ಮೆ ಕೇಳಿದೆ.

“ಎಲ್ಲಿ ಟೀಚರ್? ‘ನೀರು’, ‘ಬೇಡ’, ಅಷ್ಟೇ. ನಮ್ಮನೇಲಿ ಇರೋದು ನಾವಿಬ್ರೇ. ಹೊತ್ತು ಹುಟ್ಟಿದಾಗಿಂದ ‘ಮುಂದಕ್ಕೆ ಹೋಗಿ, ಮುಂದಕ್ಕೆ ಹೋಗಿ’ ಅಂತ ಕಿರುಚಿ ಕಿರುಚಿ, ಮನೆ ಸೇರಿದ್ಮೇಲೆ ನನಗೇ ಬಾಯಿ ತೆಗೆಯೋಕೆ ಬೇಜಾರು. ನನ್ನಿಂದ್ಲೇ ಹೀಗಾಯ್ತೋ ಏನೋ.” ಆಮೇಲೆ ದನಿ ಇಳಿಸಿ ಹೇಳಿದರು: “ದೊಡ್ಡ ಶಾಲೆಯವ್ರು ಬೇಸಿಗೆ ರಜ ಮುಗಿದ್ಮೇಲೆ ಇವಳನ್ನ ಇನ್ನೊಂದ್ಸಲ ನೋಡ್ತಾರಂತೆ. ಆಗ್ಲೂ ಮಾತಾಡದಿದ್ರೆ ಸೇರಿಸ್ಕೊಳ್ಳಲ್ಲ. ಜೊತೆಯವರೆಲ್ಲ ಹೋಗ್ತಾರೆ. ಇವಳೊಬ್ಬಳೇ ಉಳಿದುಬಿಡ್ತಾಳೆ.”

ಆ ಕೊನೆಯ ಮಾತು ನನಗೆ ಎಲ್ಲೋ ಚುಚ್ಚಿತು. “ರಜ ಮುಗಿಯೋದ್ರೊಳಗೆ ಒಂದು ಇಡೀ ಕತೆ ಅವಳ ಬಾಯಿಂದ್ಲೇ ಹೇಳಿಸ್ತೀನಿ” ಅಂದುಬಿಟ್ಟೆ.

“ಮಾತು ಕೊಟ್ಟಿದ್ದೀರಿ ಮತ್ತೆ.”

ಡಿಪೋದ ಹಳೆಯ ಬಸ್ ವೇಳಾಪಟ್ಟಿಗಳ ಹಿಂಬದಿಯಲ್ಲಿ ಗಡಿಗೆಯ ಕತೆಗೆ ಚಿತ್ರ ಬರೆದೆ. ಅಡಿಯಲ್ಲಿ ದಪ್ಪ ಅಕ್ಷರದಲ್ಲಿ ಒಂದೊಂದೇ ಸಾಲು ಬರೆದು, ದಾರ ಹಾಕಿ ಹೊಲಿದು ಪುಸ್ತಕ ಮಾಡಿದೆ. ಕೊನೆಯ ಹಾಳೆಯನ್ನು ಖಾಲಿ ಬಿಟ್ಟೆ. ನನಗೇ ಗೊತ್ತಿಲ್ಲದ್ದನ್ನು ಏನಂತ ಬರೆಯಲಿ?

ಸಂಜೆ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಷರಗಳ ಕೆಳಗೆ ಬೆರಳಿಟ್ಟು ಓದುತ್ತಿದ್ದೆ. ಟೀಚರ್ ಟ್ರೈನಿಂಗಿನಲ್ಲಿ ಕಲಿತ ಹಾಗೆ ನಡುನಡುವೆ ನಿಲ್ಲಿಸುತ್ತಿದ್ದೆ. “ಈಗ ಗಡಿಗೆ ಯಾರನ್ನ ಕೇಳತ್ತೆ? ಅವರು ಏನಂತಾರೆ?” ಗುಮ್ಮಿ ಫ್ರಾಕಿನ ಗುಂಡಿ ತಿರುಗಿಸುತ್ತಾ ಕೂರುತ್ತಿದ್ದಳು. ಒಂದು ಹೂಂ ಕೂಡ ಇಲ್ಲ. ಹೂಂ ಇಲ್ಲದ ಮೇಲೆ ಕತೆ ಮುಂದುವರಿಸುವುದು ನನ್ನ ರಕ್ತದಲ್ಲೇ ಇಲ್ಲ. “ಬೇಜಾರಾಯ್ತಾ ಪುಟ್ಟಿ? ನಾಳೆ ಓದೋಣ” ಎಂದು ಪುಸ್ತಕ ಮುಚ್ಚಿಬಿಡುತ್ತಿದ್ದೆ. ಬರಬರುತ್ತಾ ಆಮೆಯವರೆಗೂ ಹೋಗುವುದು ತಪ್ಪಿತು.

“ಗೋಡೆಗೆ ಹೇಳಿದ್ರೆ ಇಷ್ಟು ಹೊತ್ತಿಗೆ ಬಿರುಕಾದ್ರೂ ಬಿಡ್ತಿತ್ತು” ಎಂದು ಆಯಾ ನೆಲ ಒರೆಸುತ್ತಾ ನಕ್ಕಳು. ನನಗೆ ನಗು ಬರಲಿಲ್ಲ. ಕೋಣೆಗೆ ಹೋಗಿ ಊಟ ಮಾಡದೆ ಮಲಗಿದೆ.

ರಜೆ ಮುಗಿಯುತ್ತಾ ಬಂದಾಗ ನನ್ನ ಗಂಟಲು ಕಟ್ಟಿತು. ನೆಗಡಿ, ಕೆಮ್ಮು, ಬಾಯಿ ತೆರೆದರೆ ಬರೀ ಗಾಳಿ. “ಒಳ್ಳೇದೇ ಆಯ್ತು ಬಿಡಿ, ಈಗ ಗುಮ್ಮಿದೂ ನಿಮ್ದೂ ಒಂದೇ ಭಾಷೆ” ಅಂದು ಆಯಾ ಮನೆಗೆ ಹೋದಳು.

ಕೊಟ್ಟ ಮಾತು ಮುರಿದುಬಿದ್ದ ಹಾಗೇ ಅಂದುಕೊಂಡೆ. ಆದರೂ ಅಭ್ಯಾಸಬಲದಿಂದ ಗುಮ್ಮಿಯ ಪಕ್ಕ ಕೂತು ಪುಸ್ತಕ ಬಿಡಿಸಿದೆ. ಬೆರಳು ಮಾತ್ರ ಅಕ್ಷರಗಳ ಕೆಳಗೆ ಸರಿಯಿತು. ಎಲೆಯ ಹಾಳೆ ಬಂತು. ಆಚೆ ತೊಳೆದ ಬಸ್ಸಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಿನ್ನ ಮುಚ್ಚಳ ನಾನಲ್ಲ. ಮುಂದಕ್ಕೆ ಹೋಗು!”

ದನಿ ಸಣ್ಣದು, ಗತ್ತು ಮಾತ್ರ ಕಂಡಕ್ಟರದು. ಒಂದು ಕೈ ಬಸ್ಸಿನ ಕಂಬಿ ಹಿಡಿದಂತೆ ಮೇಲಿತ್ತು. ನಾನು ಬೆಚ್ಚಿದೆ. ಶಹಬ್ಬಾಸ್ ಅನ್ನೋಣವೆಂದರೆ ಗಂಟಲಿಲ್ಲ. ತುಟಿ ಬಿಚ್ಚದೆ ಹೊರಡುವ ದನಿಯೊಂದೇ ನನ್ನಲ್ಲಿ ಉಳಿದದ್ದು.

“ಹೂಂ.”

ಅವಳು ನನ್ನ ಮುಖ ನೋಡಿದಳು. ಹಾಳೆ ತಾನೇ ತಿರುಗಿಸಿದಳು. ಆಮೆ ಮುಂದಕ್ಕೆ ಹೋಗು ಅಂದಿತು, ಚಂದ್ರನೂ ಅಂದ. ಹೂಂ, ಹೂಂ ಎನ್ನುತ್ತಾ ನಾವು ನದಿಯ ದಂಡೆಗೆ ಬಂದೆವು.

“ಆಮೇಲೆ?” ಎಂದಳು.

ಪುಸ್ತಕ ಮುಚ್ಚಿ ‘ನಾಳೆ’ ಅನ್ನಲು ನನಗೆ ದನಿಯಿರಲಿಲ್ಲ. ಖಾಲಿ ಹಾಳೆಯನ್ನು ಅವಳ ಮುಂದಿಟ್ಟುಕೊಂಡು ಕೂತೆ. ತುಂಬ ಹೊತ್ತು ಕೂತೆ. ದಂಡೆಗೆ ಬಂದರೂ ಈ ಸಲ ನಿದ್ದೆ ಬರಲಿಲ್ಲ.

“ಅಲ್ಲೊಂದು ಬಸ್‌ಸ್ಟಾಪ್ ಇತ್ತು.”

“ಹೂಂ.”

“ಎಲ್ಲಾರ್ನೂ ಕರ್ಕೊಂಡು ಹೋದ್ರು. ಗಡಿಗೆ ಒಂದೇ ಕೂತಿತ್ತು.”

“ಹೂಂ.”

“ಕೊನೇ ಬಸ್ ಬಂತು. ಮುಚ್ಚಳ ಸೀಟಿನ್ ಕೆಳಗಿತ್ತು. ಯಾರೋ ಮರೆತಿದ್ರು. ಕಂಡಕ್ಟರ್ ಎತ್ತಿಟ್ಟಿದ್ರು.”

ಅವಳು ಹೇಳಿದ್ದನ್ನು ಹೇಳಿದ ಹಾಗೇ ಹಾಳೆಯ ಮೇಲೆ ಬರೆಯುತ್ತಾ ಹೋದೆ. ತನ್ನ ಮಾತು ಕಪ್ಪಗೆ ಸಾಲಾಗಿ ಬಂದು ಕೂರುವುದನ್ನು ಅವಳು ಬಗ್ಗಿ ನೋಡಿದಳು. ಒಂದು ಪದದ ಮೇಲೆ ಬೆರಳಿಟ್ಟಳು. “ಇದು ಬಸ್ಸಾ?”

“ಹೂಂ.”

ಅಷ್ಟರಲ್ಲಿ ಬಾಗಿಲಲ್ಲಿ ಚೀಲ ಹೆಗಲಿಗೇರಿಸಿಕೊಂಡು ಅವಳ ಅಮ್ಮ ನಿಂತಿದ್ದರು. “ನಡಿಯಮ್ಮ, ಹೊತ್ತಾಯ್ತು” ಅಂದರು. ಗುಮ್ಮಿ ಏಳಲಿಲ್ಲ. ಪುಸ್ತಕವನ್ನು ಮೊದಲ ಹಾಳೆಗೆ ತಿರುಗಿಸಿ, ಬೆರಳಿಟ್ಟು, “ಒಂದು ಗಡಿಗೆ ಇತ್ತಂತೆ” ಅಂದಳು. ಅಮ್ಮನ ಮುಖ ನೋಡುತ್ತಾ ನಿಲ್ಲಿಸಿದಳು.

ಅಮ್ಮ ಗಾಬರಿಯಿಂದ ನನ್ನನ್ನು ನೋಡಿದರು. ಹತ್ತಿರ ಹೋಗಿ, ಉಸಿರಲ್ಲೇ, “ಹೂಂ ಅನ್ನಿ” ಎಂದೆ.

“ಹೂಂ” ಅಂದರು. ಚೀಲ ಹೆಗಲಿಂದ ಜಾರಿತು. ಮಗಳ ಎದುರು ನೆಲದ ಮೇಲೇ ಕೂತುಬಿಟ್ಟರು.

ನಾನು ಕಿಟಕಿಯ ಹತ್ತಿರ ಸರಿದು ನಿಂತೆ. ಅಲ್ಲೀಗ ಹೂಂ ಅನ್ನುವವರು ಇದ್ದರು, ನನ್ನದು ಬೇಕಿರಲಿಲ್ಲ. ಎಲೆ, ಆಮೆ, ಚಂದ್ರ, ನದಿ, ಬಸ್‌ಸ್ಟಾಪ್, ಕೊನೆಯ ಬಸ್ಸು. ಒಂದನ್ನೂ ಬಿಡದೆ ಅವಳು ಹೇಳುತ್ತಾ ಹೋದಳು.

“ಗಡಿಗೆ ಮುಚ್ಚಳ ಹಾಕ್ಕೊಂಡು ಮನೆಗೆ ಹೋಯ್ತು” ಎಂದು ಪುಸ್ತಕವನ್ನು ತಾನೇ ಮುಚ್ಚಿ, ನನ್ನ ಕಡೆ ತಿರುಗಿದಳು. “ಮುಗೀತು, ಟೀಚರ್.”